ಚಿಲಕದ ಎತ್ತರ

“ಗುರುಗಳೇ, ಮಗುವಿಗೆ ಅದರದೇ ಅಂತ ಒಂದು ಟ್ಯಾಬ್ ಕೊಡಿಸಬೇಕಾದರೆ ಅದಕ್ಕೆ ಎಷ್ಟು ವಯಸ್ಸಾಗಿರಬೇಕು?”

ಕೇಳಿದವನು ಮೃತ್ಯುಂಜಯ. ತಾಲ್ಲೂಕು ಕಚೇರಿಯ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ಹೆಂಡತಿ ಶಶಿಕಲಾ ಅಲ್ಲೇ ಕಂಪ್ಯೂಟರಿನ ಮುಂದೆ ಕೂತು ಜನರಿಗೆ ಅರ್ಜಿ ಟೈಪು ಮಾಡಿಕೊಡುತ್ತಾಳೆ. ಮಗಳು ಇಂಚರಾ ಒಂದನೆಯ ತರಗತಿ. ಶಾಲೆ ಬಿಟ್ಟ ಮೇಲೆ ಅವಳೂ ಅಂಗಡಿಗೇ ಬಂದು ಅಪ್ಪ ಅಮ್ಮನ ನಡುವಿನ ಕುರ್ಚಿಯಲ್ಲಿ ಕೂರುತ್ತಾಳೆ. ಕೂರುತ್ತಾಳೆ ಎನ್ನುವುದು ಮಾತಿಗೆ. ಕಾಗದ ಯಾಕೆ ಬಿಸಿಯಾಗಿ ಹೊರಬರುತ್ತದೆ, ಆ ತಾತ ಯಾಕೆ ಸಹಿ ಹಾಕದೆ ಹೆಬ್ಬೆಟ್ಟು ಒತ್ತಿದರು, ಎಂದು ಒಂದೇ ಸಮನೆ ಕೇಳುತ್ತಾಳೆ. ಸಾಲಿನಲ್ಲಿ ಜನ ನಿಂತಿರುವಾಗ ಉತ್ತರ ಹೇಳುತ್ತ ಕೂರುವುದು ಯಾವ ತಂದೆತಾಯಿಗೂ ಸುಲಭವಲ್ಲ.

ಬರುವ ಭಾನುವಾರ ಮಗುವಿನ ಹುಟ್ಟುಹಬ್ಬವಿತ್ತು. ಮೃತ್ಯುಂಜಯ ಟ್ಯಾಬ್ ತಂದೂ ಆಗಿತ್ತು. ಇಷ್ಟು ಬೇಗ ಬೇಡ ಎಂದು ಶಶಿಕಲಾ ಹಟ ಹಿಡಿದಿದ್ದಳು. ಮೂರು ದಿನದಿಂದ ಇಬ್ಬರ ನಡುವೆ ಅಂಗಡಿಯ ಕೆಲಸಕ್ಕೆ ಬೇಕಾದಷ್ಟೇ ಮಾತು. ಕೊನೆಗೆ ಅವಳು, ಗುರುಗಳು ಹೇಳಿದರೆ ಒಪ್ಪುತ್ತೇನೆ ಎಂದಳು. ಅವನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮಠಕ್ಕೆ ಬಂದಿದ್ದ.

ಆ ಮಠದಲ್ಲಿ ಒಂದು ರೂಢಿಯಿತ್ತು. ಹೊಸದಾಗಿ ಏನನ್ನು ಕೊಂಡರೂ ಜನ ಅದನ್ನು ತಂದು ಗುರುಗಳ ಕೈಯಿಂದ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಬೈಕಿನ ಕೀಲಿ, ಮಕ್ಕಳ ಪಾಟಿಚೀಲ, ಹೊಲಿಗೆ ಯಂತ್ರದ ಸೂಜಿ ಕೂಡ ಬಂದಿದ್ದುಂಟು. ಗುರುಗಳ ಕೈ ಒಮ್ಮೆ ತಾಗಿದರೆ ಹೆಂಡತಿಯ ಬಾಯಿ ಮುಚ್ಚಿದಂತೆಯೇ ಎಂಬುದು ಮೃತ್ಯುಂಜಯನ ಲೆಕ್ಕಾಚಾರ. ಚೀಲದಿಂದ ಟ್ಯಾಬಿನ ಡಬ್ಬಿಯನ್ನು ತೆಗೆದು ಮುಂದಿಟ್ಟ. ಚೀಲದ ತಳದಲ್ಲಿ ಇನ್ನೊಂದು ಪುಟ್ಟ ಡಬ್ಬಿಯೂ ಇತ್ತು. ಅದನ್ನು ಮುಟ್ಟಿಸಬೇಕು ಎಂದು ಅವನಿಗೆ ಹೊಳೆದಿರಲಿಲ್ಲ.

ತನ್ನ ಅಕ್ಕನ ಮಗನಿಗೆ ನಾಲ್ಕಕ್ಕೇ ಕೊಡಿಸಿದ್ದಾರೆಂದು ಅವನು ಹೇಳಿದ. ಪಕ್ಕದ ಮನೆಯವರು ಹತ್ತಾಗಲಿ ಎನ್ನುತ್ತಾರೆ ಎಂದ. ಡಬ್ಬಿಯ ಮೇಲೆ ಮೂರು ಎಂದು ಅಚ್ಚು ಹಾಕಿದ್ದಾರೆ ಎಂದೂ ತೋರಿಸಿದ. ಗುರುಗಳು ಎಲ್ಲವನ್ನೂ ಕೇಳಿಸಿಕೊಂಡು, ನೀನು ಮನಸ್ಸಿನಲ್ಲಿ ಯಾವ ಅಂಕಿ ಇಟ್ಟುಕೊಂಡು ಬಂದಿದ್ದೀಯ ಎಂದು ಕೇಳಿದರು. ಆರು ಎಂದ. ಭಾನುವಾರ ಮಗುವಿಗೆ ಎಷ್ಟು ತುಂಬುತ್ತದೆ ಎಂದು ಕೇಳಿದರು. ಅದಕ್ಕೂ ಆರು ಎಂದೇ ಹೇಳಬೇಕಾಯಿತು. ಗುರುಗಳು ನಕ್ಕರು. ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಮುಂದೆ ಅಂಗಡಿ, ಹಿಂದೆ ಮನೆ. ಹಿತ್ತಿಲ ಬಾಗಿಲು ತೆರೆದರೆ ಓಣಿ, ಓಣಿಯ ಕೊನೆಗೆ ಕೆರೆ. ಅವನಿಗೆ ಒಂದೇ ಹೆಣ್ಣುಮಗು. ಹಿತ್ತಿಲ ಬಾಗಿಲಿನ ಚಿಲಕ ದೊಡ್ಡವರ ತಲೆಯ ಎತ್ತರಕ್ಕಿತ್ತು. ಮಗು ದಿನಕ್ಕೆ ಹತ್ತು ಸಲ ಬಾಗಿಲಿಗೆ ಹೋಗಿ ನಿಂತು, ತೆಗೆಯಿರಿ ಎಂದು ರಚ್ಚೆ ಹಿಡಿಯುತ್ತಿತ್ತು. ತಾಯಿ ಒಲೆಯ ಮುಂದಿನಿಂದ ಎದ್ದು ಬರಬೇಕು, ಇಲ್ಲವೇ ತಂದೆ ಗಿರಾಕಿಗಳನ್ನು ಬಿಟ್ಟು ಬರಬೇಕು. ಇಬ್ಬರಿಗೂ ಸಾಕಾಗಿ ಹೋಯಿತು.

ವ್ಯಾಪಾರಿ ಒಬ್ಬ ಬಡಗಿಯನ್ನು ಕರೆಸಿದ. ಚಿಲಕವನ್ನು ಮಗುವಿನ ಕೈಗೆ ಎಟುಕುವಂತೆ ಇಳಿಸಿಕೊಡಿ, ಅದರ ಬಾಗಿಲನ್ನು ಅದೇ ತೆಗೆದುಕೊಳ್ಳಲಿ ಎಂದ.

ಬಡಗಿ ಮಗುವನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ಕೈ ಎತ್ತಿಸಿ, ಬೆರಳ ತುದಿ ಮುಟ್ಟಿದಲ್ಲಿ ಇದ್ದಿಲಿನಿಂದ ಗೆರೆ ಎಳೆದ. ಅಳತೆ ಮುಗಿಯಿತು ಎಂದುಕೊಂಡ ವ್ಯಾಪಾರಿ. ಆದರೆ ಬಡಗಿ ಅಡುಗೆಮನೆಗೆ ಹೋಗಿ, ನೀವು ದಿನವೂ ಕೂರುವ ಕಡೆ ಕೂತುಕೊಳ್ಳಿ ತಾಯಿ ಎಂದು ವ್ಯಾಪಾರಿಯ ಹೆಂಡತಿಗೆ ಹೇಳಿದ. ಅಲ್ಲಿಂದ ಎದ್ದು ಹಿತ್ತಿಲ ಬಾಗಿಲಿನ ತನಕ ನಡೆದು ಬನ್ನಿ ಎಂದ. ಒಂದು ಸಲವಲ್ಲ, ಎರಡು ಸಲ ನಡೆಸಿದ. ನಿಮಗೆ ಬೇಕಾದ್ದು ಬಾಗಿಲಿನ ಅಳತೆಯೋ ನನ್ನ ಹೆಂಡತಿಯ ನಡಿಗೆಯೋ ಎಂದು ವ್ಯಾಪಾರಿ ಗೇಲಿ ಮಾಡಿದ. ಬಡಗಿ ತಲೆ ಕೆಡಿಸಿಕೊಳ್ಳಲಿಲ್ಲ. ಚಿಲಕವನ್ನು ಇದ್ದಿಲಿನ ಗೆರೆಯಿಂದ ಒಂದು ಗೇಣು ಮೇಲಕ್ಕೆ ಜಡಿದು ಹೋದ.

ಮಾರನೆಯ ದಿನ ಹಲಸಿನ ಮರದ ಒಂದು ಮಣೆಯನ್ನು ಹೊತ್ತು ತಂದ. ನಾಲ್ಕು ಕಾಲು, ಒಂದು ಗೇಣು ಎತ್ತರ. ಮಗುವಿಗೆ ಅದನ್ನು ಎತ್ತಲು ಬಾರದು, ಎಳೆಯಲು ಬರುತ್ತದೆ. ಇದನ್ನು ಅಡುಗೆಮನೆಯ ಹೊಸಿಲಿನ ಹೊರಗಿಡಿ, ಬಾಗಿಲಿನ ಹತ್ತಿರ ಹತ್ತಿ ನಿಲ್ಲುವಂಥ ಬೇರೆ ಏನೂ ಇರದಂತೆ ನೋಡಿಕೊಳ್ಳಿ ಎಂದ.

ವ್ಯಾಪಾರಿಗೆ ರೇಗಿತು.

“ಆಚಾರ್ರೇ, ಮಗು ತೆಗೀಬಾರದು ಅಂದ್ರೆ ಮೇಲಿಡಿ, ತೆಗೀಲಿ ಅಂದ್ರೆ ಕೆಳಗಿಡಿ. ಇದೆಂಥ ಎರಡೂ ಅಲ್ಲದ ಕೆಲಸ?”

“ಸ್ವಲ್ಪ ದಿನ ನೋಡಿ ಯಜಮಾನ್ರೇ,” ಎಂದು ಬಡಗಿ ಹೊರಟುಹೋದ.

ಅಂದಿನಿಂದ ಮಗುವಿಗೆ ಹೊರಗೆ ಹೋಗಬೇಕೆನಿಸಿದಾಗ ಅದು ಅಳುವುದನ್ನು ಬಿಟ್ಟಿತು. ಅಡುಗೆಮನೆಯ ಹೊಸಿಲಿನಿಂದ ಮಣೆಯನ್ನು ಎಳೆಯುತ್ತಿತ್ತು. ಕಲ್ಲುಚಪ್ಪಡಿಯ ನೆಲದ ಮೇಲೆ ಹಲಸಿನ ಕಾಲುಗಳು ಕರಕರ ಎಂದು ಮನೆಯೆಲ್ಲ ಕೇಳುವಂತೆ ಸದ್ದು ಮಾಡುತ್ತಿದ್ದವು. ತಾಯಿ ಕೈಯಲ್ಲಿದ್ದುದನ್ನು ಇಳಿಸಿ ಏಳುತ್ತಿದ್ದಳು. ಮಣೆ ಬಾಗಿಲಿಗೆ ಮುಟ್ಟಿ ಮಗು ಅದರ ಮೇಲೆ ಹತ್ತುವ ಹೊತ್ತಿಗೆ ಅವಳೂ ಅಲ್ಲಿಗೆ ಬಂದಿರುತ್ತಿದ್ದಳು. ಚಿಲಕವನ್ನು ಮಗುವೇ ತೆಗೆಯುತ್ತಿತ್ತು. ಅವಳು ಹಿಂದೆ ನಿಂತಿರುತ್ತಿದ್ದಳು, ಅಷ್ಟೇ.

ಓಣಿಯಲ್ಲಿ ಎಮ್ಮೆಗಳು ಬರುತ್ತಿದ್ದರೆ ಸ್ವಲ್ಪ ತಾಳು ಎನ್ನುತ್ತಿದ್ದಳು. ಯಾರಾದರೂ ಕುಡಿದು ಬೈದಾಡುತ್ತಿದ್ದರೆ ಬಾಗಿಲು ಮುಚ್ಚಿಸಿ, ಅವರು ಹಾಗೇಕೆ ಮಾಡುತ್ತಾರೆ ಎಂದು ತನಗೆ ತಿಳಿದಷ್ಟು ಹೇಳುತ್ತಿದ್ದಳು. ಬಿಡುವಿದ್ದ ದಿನ ಕೆರೆಯ ತನಕ ಜೊತೆಗೆ ಹೋಗುತ್ತಿದ್ದಳು. ಯಾವ ಮೆಟ್ಟಿಲಿನ ಮೇಲೆ ಪಾಚಿಯಿದೆ, ಯಾವುದರ ಮೇಲೆ ಇಲ್ಲ ಎಂದು ಕಾಲಿಟ್ಟು ತೋರಿಸುತ್ತಿದ್ದಳು. ಹೊರಗೆ ಕಂಡದ್ದನ್ನೆಲ್ಲ ಮಗು ಸಂಜೆ ಅಪ್ಪನಿಗೆ ಒಪ್ಪಿಸುತ್ತಿತ್ತು.

ಮೃತ್ಯುಂಜಯ ಇಲ್ಲಿ ತಡೆದು, ಆ ಮಗುವಿಗೆ ಎಷ್ಟು ವಯಸ್ಸು ಗುರುಗಳೇ ಎಂದು ಕೇಳಿದ.

“ಬಡಗಿ ಅದನ್ನು ಕೇಳಲಿಲ್ಲ,” ಎಂದರು ಗುರುಗಳು. ಕತೆ ಮುಂದುವರಿಯಿತು.

ಆ ಮಣೆಯ ಸದ್ದು ಅಂಗಡಿಗೂ ಕೇಳುತ್ತಿತ್ತು. ವ್ಯಾಪಾರಿ ಮೊಳ ಹಾಕಿ ಬಟ್ಟೆ ಅಳೆಯುತ್ತಿದ್ದರೆ ಎಣಿಕೆ ತಪ್ಪಿಹೋಗುತ್ತಿತ್ತು. ಊಟವಾಗಿ ಒಂದು ಗಳಿಗೆ ಕಣ್ಣು ಮುಚ್ಚಿದರೆ ಕರಕರ. ಒಳ್ಳೆಯ ಗಿರಾಕಿಯೊಬ್ಬರು ಕೂತಿದ್ದಾಗಲೂ ಕರಕರ. ಅದೇನು ಸದ್ದು ಎಂದು ಅವರು ಕೇಳಿದರು, ಇವನಿಗೆ ಅವಮಾನವಾಯಿತು. ಒಂದು ದಿನ ಅಂಗಡಿಯಿಂದ ಮೆತ್ತನೆಯ ಉಣ್ಣೆಬಟ್ಟೆಯ ನಾಲ್ಕು ತುಂಡು ತಂದ. ಎರಡು ಪದರ ಮಡಿಚಿ ಮಣೆಯ ನಾಲ್ಕು ಕಾಲಿಗೂ ಸುತ್ತಿದ. ದಾರದಿಂದ ಬಿಗಿಯಾಗಿ ಗಂಟು ಹಾಕಿದ. ಮಗುವಿಗೆ ಎಳೆಯಲೂ ಹಗುರವಾಯಿತು ಎಂದು ಹೆಂಡತಿಗೆ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ.

ಮನೆ ಶಾಂತವಾಯಿತು. ತಾಯಿಗೆ ಮೊದಲೆರಡು ದಿನ ಏನೋ ಕಳೆದುಹೋದಂತೆ ಅನಿಸಿತು. ಆಮೇಲೆ ಅಡುಗೆ ಒಂದೇ ಉಸಿರಿಗೆ ಮುಗಿಯತೊಡಗಿತು, ಅವಳಿಗೂ ಹಿತವಾಯಿತು. ಮಗು ಸಂಜೆ ಅಪ್ಪನಿಗೆ ಒಪ್ಪಿಸುವುದನ್ನು ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ. ಮನೆಗೆ ಬಂದ ನೆಂಟರು, ಎಂಥ ಒಳ್ಳೆಯ ಮಗು, ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ ಎಂದು ಹೊಗಳಿದರು. ತಂದೆತಾಯಿ ಇಬ್ಬರೂ ಆ ಮಾತಿಗೆ ಹಿಗ್ಗಿದರು. ಅದು ಹಿಗ್ಗುವ ಮಾತಾಗಿರಲಿಲ್ಲ.

ಒಂದು ಮಧ್ಯಾಹ್ನ, ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಬಂದಳು. ಮಗುವಿನ ಮೈಯೆಲ್ಲ ನೆನೆದಿತ್ತು. ಉಸಿರಿತ್ತು, ನಡುಕವಿತ್ತು, ಮಾತಿರಲಿಲ್ಲ. ಬೇಸಿಗೆಗೆ ನೀರು ಇಳಿದು, ತಾಯಿ ಎಂದೂ ತೋರಿಸದಿದ್ದ ಮೆಟ್ಟಿಲುಗಳು ಮೇಲೆ ಬಂದಿದ್ದವು. ಅಲ್ಲಿ ಕಾಲು ಜಾರಿತ್ತು. ಮಗು ಒಳಗೇ ಆಡಿಕೊಂಡಿದೆ ಎಂದು ತಾಯಿ ಆ ಗಳಿಗೆಯ ತನಕ ನಂಬಿದ್ದಳು.

“ದಿನಾ ಬರ್ತಿತ್ತಲ್ಲವ್ವಾ,” ಎಂದಳು ಆ ಹೆಂಗಸು. “ನೀವೇ ಕಳಿಸ್ತೀರಿ ಅಂದ್ಕೊಂಡಿದ್ದೆ.”

ಮಣೆಗೆ ಬಟ್ಟೆ ಸುತ್ತಿ ಆಗ ಇಪ್ಪತ್ತು ದಿನವಾಗಿತ್ತು.

ಮಗು ಎರಡು ದಿನದಲ್ಲಿ ಚೇತರಿಸಿಕೊಂಡಿತು. ತಾಯಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಷ್ಟು ದಿನ ಅಲ್ಲಿ ಏನೇನು ನೋಡಿದೆ, ಯಾರು ಮಾತಾಡಿಸಿದರು ಎಂದು ಕೇಳಿದಳು. ಮಗು ಗೋಡೆಯ ಕಡೆ ಮುಖ ತಿರುಗಿಸಿತು. ಎಲ್ಲವನ್ನೂ ಬಂದು ಒಪ್ಪಿಸುತ್ತಿದ್ದ ಮಗು ಅದು. ಒದ್ದೆಯಾದ ಮೈಯನ್ನು ಕಂಡಾಗ ಆದದ್ದಕ್ಕಿಂತ ಹೆಚ್ಚಿನ ನೋವು ಅವಳಿಗೆ ಈಗ ಆಯಿತು.

ವ್ಯಾಪಾರಿ ಬಡಗಿಯ ಮನೆಗೆ ತಾನೇ ಓಡಿದ. ನಿನ್ನ ಚಿಲಕದಿಂದ ನನ್ನ ಮಗುವಿನ ಜೀವ ಹೋಗುವುದಿತ್ತು ಎಂದು ಬೈದ. ಅದನ್ನು ಕಿತ್ತು ದೊಡ್ಡವರಿಗೂ ಎಟುಕದ ಹಾಗೆ ಮೇಲೆ ಜಡಿ, ಆ ಮಣೆಯನ್ನು ಒಲೆಗೆ ಹಾಕುತ್ತೇನೆ ಎಂದ. ಬಡಗಿ ಅವನ ಜೊತೆ ಬಂದ. ಚಿಲಕವನ್ನು ನೋಡಿದ, ಅದು ಇಟ್ಟಲ್ಲೇ ಇತ್ತು. ಆಮೇಲೆ ಮಣೆಯನ್ನು ಅಂಗಾತ ಮಾಡಿದ. ನೆಲದ ಮೇಲೆ ಕೂತು ಒಂದೊಂದೇ ಗಂಟು ಬಿಚ್ಚತೊಡಗಿದ. ವ್ಯಾಪಾರಿಯ ಸಿಟ್ಟು ಅಲ್ಲಿಗೇ ಇಳಿಯಿತು.

“ಸದ್ದು ಅಂಗಡಿಗೆ ಕೇಳ್ತಿತ್ತು ಆಚಾರ್ರೇ.”

“ಕೇಳ್ಲಿ ಅಂತಾನೇ ಮಾಡಿದ್ದು ಯಜಮಾನ್ರೇ. ಆ ಚಿಲಕ ಮಗೂನ ತಡೆಯೋದಕ್ಕೆ ಇಟ್ಟಿದ್ದಲ್ಲ. ನಿಮ್ಮನ್ನ ಕರೆಯೋದಕ್ಕೆ ಇಟ್ಟಿದ್ದು.”

ಚಿಲಕವನ್ನು ಮೇಲಕ್ಕೆ ಜಡಿಯಲು ಬಡಗಿ ಒಪ್ಪಲಿಲ್ಲ. ಕೆಳಕ್ಕೂ ಇಳಿಸಲಿಲ್ಲ. ಹಾಗಾದರೆ ಈ ಮಣೆಯ ಕಾಟ ಎಂದಿಗೆ ತಪ್ಪುತ್ತದೆ ಎಂದು ವ್ಯಾಪಾರಿ ಕೇಳಿದ. ಚಿಲಕ ಇಳಿದು ಬರಬೇಕಾಗಿಲ್ಲ, ಮಗುವೇ ಬೆಳೆದು ಅದರ ತನಕ ಬರುತ್ತದೆ ಎಂದ ಬಡಗಿ. ಅಷ್ಟರಲ್ಲಿ ಓಣಿಯನ್ನೂ ಕೆರೆಯನ್ನೂ ನಿಮ್ಮ ಜೊತೆಯಲ್ಲಿ ಸಾವಿರ ಸಲ ನೋಡಿರುತ್ತದೆ, ಆಗ ಅದರ ಕೈ ಚಿಲಕಕ್ಕೆ ಹೋದರೆ ಯಾರಿಗೂ ಭಯವಾಗುವುದಿಲ್ಲ ಎಂದ. ಬಿಚ್ಚಿದ ನಾಲ್ಕು ಬಟ್ಟೆ ತುಂಡುಗಳನ್ನು ಮಡಿಚಿ ವ್ಯಾಪಾರಿಯ ಕೈಗೆ ಕೊಟ್ಟು ಮನೆಗೆ ಹೋದ.

ಕತೆ ಅಲ್ಲಿಗೆ ಮುಗಿಯಿತು.

ಮೃತ್ಯುಂಜಯನ ಮುಖ ಅರಳಿತ್ತು. ಕತೆಯೆಲ್ಲ ತನ್ನ ಕಡೆಗೇ ಇದೆ ಎಂದು ಅವನಿಗೆ ಅನಿಸಿತ್ತು. ತನ್ನ ಮಗಳು ದಿನವೂ ಅಂಗಡಿಯಲ್ಲಿ ತಮ್ಮಿಬ್ಬರ ನಡುವೆಯೇ ಇರುತ್ತಾಳೆ, ಕೈ ಚಾಚಿದರೆ ಸಿಗುತ್ತಾಳೆ, ಹಿತ್ತಿಲ ಬಾಗಿಲಿನ ಆ ತಾಪತ್ರಯ ತಮಗಿಲ್ಲ ಎಂದು ವಿವರಿಸಿದ. ವಯಸ್ಸಿನ ಪ್ರಶ್ನೆಯೇ ಅಲ್ಲವೆಂದು ಗುರುಗಳೇ ಹೇಳಿದ ಮೇಲೆ ಭಾನುವಾರವೇ ಕೊಟ್ಟುಬಿಡುತ್ತೇನೆ ಎಂದ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

ಗುರುಗಳು ಬೇಡವೆನ್ನಲಿಲ್ಲ. ಡಬ್ಬಿಯ ಮೇಲೆ ಕೈ ಇಟ್ಟರು. ಆಮೇಲೆ, ಚೀಲದಲ್ಲಿ ಇನ್ನೂ ಏನೋ ಉಳಿದಿದೆಯಲ್ಲ, ಅದನ್ನೂ ಕೊಡು, ಮುಟ್ಟಿ ಕೊಡುತ್ತೇನೆ ಎಂದರು.

ಮೃತ್ಯುಂಜಯ ಪುಟ್ಟ ಡಬ್ಬಿಯನ್ನು ತೆಗೆದ. ಒಳಗೆ ಗುಲಾಬಿ ಬಣ್ಣದ ಒಂದು ಹೆಡ್‌ಫೋನ್ ಇತ್ತು, ಮಕ್ಕಳ ಅಳತೆಯದು. ಇದು ಏತಕ್ಕೆ ಎಂದು ಗುರುಗಳು ಕೇಳಿದರು.

“ಅಂಗಡಿಯಲ್ಲಿ ನಮಗೆ ಅದರ ಸದ್ದು ಕೇಳದೆ ಇರಲಿ ಅಂತ...” ಎಂದು ಶುರುಮಾಡಿದ.

ಗುರುಗಳು ಆ ಡಬ್ಬಿಯನ್ನು ಮುಟ್ಟದೆ ಅವನ ಮುಖ ನೋಡಿ ಹೇಳಿದರು:

“ಮಣೆಗೆ ಸುತ್ತುವ ಬಟ್ಟೆಯನ್ನು ಮೊದಲೇ ತಂದಿಟ್ಟುಕೊಂಡಿದ್ದೀಯಲ್ಲ ಮೃತ್ಯುಂಜಯ.”