ಗಾದ್ರಿನಾಯಕನ ಬಾಣ ನೆಟ್ಟಗಾದ ಬಗೆ

ಇಮ್ಮಡಿಗಿರಿಯ ಕೋಟೆಗೆ ಹೋಗುವ ದಾರಿ ಕಣಿವೆಯಲ್ಲಿ ಕವಲೊಡೆಯುವ ಕಡೆ ಹುಲ್ಲು ಹೊದಿಸಿದ ಒಂದು ಜೋಪಡಿಯಿತ್ತು. ಪೂಜ್ಯ ಮಾತೆ ಗಿರಿಯಾಂಬೆಯವರ ಮಠವೆಂದರೆ ಅದೇ, ಅರವಟ್ಟಿಗೆಯೆಂದರೂ ಅದೇ. ದೂರದ ಬಾವಿಯಿಂದ ತಾವೇ ಕೊಡ ಹೊತ್ತು ತಂದು ದಾರಿಹೋಕರಿಗೆ ನೀರು ಕೊಡುವುದನ್ನೇ ಅವರು ಶಿವಪೂಜೆಯೆಂದು ಬಗೆದಿದ್ದರು. ಅವರು ಉಪದೇಶ ಮಾಡಿದ್ದನ್ನು ಕೇಳಿದವರು ಕಡಿಮೆ. ಅವರೆದುರು ಕುಳಿತು ಎದ್ದವರು ಮಾತ್ರ ಬಂದ ಹಾಗೆಯೇ ಹಿಂದಿರುಗಿದ್ದಿಲ್ಲ.

ವಿಜಯದಶಮಿಗೆ ಹನ್ನೆರಡು ದಿನವಿರುವಾಗ ಒಂದು ಮಧ್ಯಾಹ್ನ ಗಾದ್ರಿನಾಯಕ ಅಲ್ಲಿಗೆ ಬಂದ. ಪಾಳೆಯಗಾರರ ಬಿಲ್ಲುಗಾರರಿಗೆಲ್ಲ ಅವನೇ ಗುರು. ಹಬ್ಬದ ದಿನ ಬನ್ನಿಯ ಬಯಲಿನಲ್ಲಿ ಬಾಳೆಯ ಕಂಬಕ್ಕೆ ಮೊದಲ ಅಂಬು ಹೊಡೆಯುವ ಗೌರವವೂ ಅವನದೇ. ಆದರೆ ಒಂದು ವರ್ಷದಿಂದ ಅವನ ಬಾಣಗಳು ಗುರಿ ಮುಟ್ಟುತ್ತಿರಲಿಲ್ಲ. ಶಿಷ್ಯರಿಗೆ ಗೊತ್ತಾಗದಂತೆ ಹೇಗೋ ದಿನ ದೂಡಿದ್ದ. ಸಾಧುಸಂತರಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಹೆಂಡತಿಯ ಕಾಟ ತಾಳಲಾರದೆ ಬಂದಿದ್ದ.

"ಅವ್ವಾ, ಒಂದು ತಾಯಿತ ಕಟ್ಟಿಕೊಡಿ. ಹಬ್ಬ ಕಳೆದರೆ ಸಾಕು," ಎಂದ.

ತಾಯಿಯವರು ಅವನ ಹೆಗಲ ಮೇಲಿದ್ದ ಬಿಲ್ಲನ್ನು ನೋಡಿದರು. ಎದುರಿನ ಮುತ್ತುಗದ ಮರದ ಬೊಡ್ಡೆಯನ್ನು ತೋರಿಸಿ, "ಹೊಡೆ," ಎಂದರು.

ಮೊದಲ ಬಾಣ ಮರದ ಎಡಕ್ಕೆ ಹಾದುಹೋಯಿತು. "ಕಣಿವೆಯ ಗಾಳಿ," ಎಂದ ನಾಯಕ. ಎರಡನೆಯದು ನೆಲ ಕಚ್ಚಿತು. "ಹೆದೆ ಸಡಿಲವಾಗಿದೆ." ಮೂರನೆಯದೂ ತಪ್ಪಿದಾಗ, "ಗರಿ ಕಟ್ಟಿದವನಿಗೆ ಕೆಲಸ ಬರುವುದಿಲ್ಲ ತಾಯಿ. ಮೊದಲು ನನ್ನ ತಮ್ಮ ಸೂರಪ್ಪ ಕಟ್ಟುತ್ತಿದ್ದ," ಎಂದುಬಿಟ್ಟ.

"ಈಗೇಕೆ ಕಟ್ಟುವುದಿಲ್ಲ?"

ನಾಯಕ ತಡವರಿಸಿದ. ಮೂರು ವರ್ಷದ ಹಿಂದೆ ಹಂದಿಬೇಟೆಯಲ್ಲಿ ತನ್ನ ಬಾಣ ತಮ್ಮನ ಮೊಣಕಾಲಿಗೆ ನಾಟಿತೆಂದೂ, ಅವನು ಕುಂಟನಾಗಿ ಹೆಂಡತಿಯ ಊರು ಸೇರಿದನೆಂದೂ ಹೇಳಿದ. "ನನ್ನದೇನೂ ಇಲ್ಲ ಅವ್ವಾ. ಅವನೇ ಬೇಟೆಗಾರರ ಸಾಲು ಬಿಟ್ಟು ಅಡ್ಡ ಬಂದ. ಚಾವಡಿಯಲ್ಲೂ ಹಾಗೆಯೇ ತೀರ್ಪಾಯಿತು."

ತಾಯಿಯವರು ಅವನ ಮುಖವನ್ನೇ ನೋಡುತ್ತ ಕುಳಿತರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾಯಕ ಎದ್ದು ಹೋಗುತ್ತಿದ್ದನೇನೋ. ಬಹಳ ಹೊತ್ತಿನ ಮೇಲೆ ಅವನ ತಲೆ ತಾನಾಗಿಯೇ ಬಾಗಿತು.

"ಅವನು ಸಾಲಿನಲ್ಲೇ ಇದ್ದ ತಾಯಿ. ಪಕ್ಕದವನೂ ಬಿಲ್ಲು ಎತ್ತಿದ್ದ. ಹಂದಿ ಅವನ ಪಾಲಾಗುತ್ತದೆಂದು, ಸಾಲಿನಲ್ಲಿ ಬರುತ್ತಿದ್ದ ಸೂರಪ್ಪ ಪೊದೆ ದಾಟಿ ಹೊರಬರುವುದನ್ನೂ ಕಾಯದೆ ಬಾಣ ಬಿಟ್ಟುಬಿಟ್ಟೆ."

ಆಗ ಗಿರಿಯಾಂಬೆಯವರು ನುಡಿದರು: "ಮಾತು ಸೊಟ್ಟಗಿದ್ದರೆ ಬಾಣ ನೆಟ್ಟಗೆ ಹೇಗೆ ಹೋದೀತು ಮಗನೇ? ಯಾರೆದುರು ಆಡಿದೆಯೋ ಅವರೆದುರೇ ತಿದ್ದು."

ತಾಯಿತ ಕೊಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ಅಲ್ಲಿಂದ ಕೋಟೆಯ ದಾರಿಯನ್ನು ನಾಯಕ ಹೇಗೆ ನಡೆದನೋ ಅವನಿಗೇ ತಿಳಿಯದು. ಎರಡು ಸಲ ಹಿಂದಕ್ಕೆ ತಿರುಗಿದ, ಎರಡು ಸಲವೂ ಕಾಲು ಮುಂದಕ್ಕೇ ಬಂತು. ಮರುದಿನ ಬೆಳಗ್ಗೆ ತುಂಬಿದ ಚಾವಡಿಯಲ್ಲಿ ಕೈಮುಗಿದು ನಿಂತು ನಡೆದದ್ದನ್ನು ನಡೆದಂತೆ ಹೇಳಿದ. ಪಾಳೆಯಗಾರರು ಗುರುಪದವಿಯನ್ನು ಅಲ್ಲಿಯೇ ಕಿತ್ತುಕೊಂಡು, "ಈ ಪಟ್ಟ ಬಿಲ್ಲುವಿದ್ಯೆಯಲ್ಲಿ ನಿನಗೆ ಸಮನಾದ ಸೂರಪ್ಪನಿಗೆ. ಗಾಡಿ ಕಟ್ಟಿಕೊಂಡು ಹೋಗಿ ನೀನೇ ಕರೆದುಕೊಂಡು ಬಾ," ಎಂದು ಆಜ್ಞೆ ಮಾಡಿದರು.

ಹೆಂಡತಿಯ ಊರಿನ ಮನೆಗೆ ಬಂದ ಅಣ್ಣನನ್ನು ಕಂಡು ಸೂರಪ್ಪ ಏಳಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ, "ಕಾಲು ಹೋದದ್ದಕ್ಕೆ ನಾನು ಅತ್ತಿಲ್ಲ ಅಣ್ಣಾ. ಮೂರು ವರ್ಷ ನನ್ನ ಮಕ್ಕಳು ಸಾಲು ತಪ್ಪಿದವನ ಮಕ್ಕಳು ಅನ್ನಿಸಿಕೊಂಡರು. ಅವರಿಗೂ ನೀನೇ ಹೇಳು," ಎಂದ.

ನಾಯಕ ಆ ಇಬ್ಬರು ಮಕ್ಕಳ ಮುಂದೆ ಮಂಡಿಯೂರಿ ಹೇಳಿದ. ಚಾವಡಿಯಲ್ಲಿ ನಡುಗದ ದನಿ ಅಲ್ಲಿ ನಡುಗಿತು. ಆಮೇಲೆ ಸೂರಪ್ಪ ಕೋಲೂರಿಕೊಂಡು ತಾನಾಗಿಯೇ ಗಾಡಿಯ ಕಡೆ ನಡೆದ.

ಆ ವಿಜಯದಶಮಿಯಂದು ಮೊದಲ ಅಂಬು ಹೊಡೆದವನು ಸೂರಪ್ಪ. ಹಬ್ಬ ಕಳೆದ ಮಾರನೆಯ ದಿನ ಹೊಸ ಶಿಷ್ಯರ ಸಾಲಿನ ಕೊನೆಯಲ್ಲಿ ನರೆಗೂದಲಿನ ಗಾದ್ರಿನಾಯಕ ಬಿಲ್ಲು ಹಿಡಿದು ನಿಂತಿದ್ದ. ಹುಡುಗರು ಮುಸಿಮುಸಿ ನಕ್ಕರು. ಸೂರಪ್ಪ ಕುಂಟುತ್ತ ಬಂದು, "ಮೊಣಕೈ ಇಳಿದಿದೆ ಅಣ್ಣಾ. ಎತ್ತು," ಎಂದು ಕೈಯಾರೆ ಸರಿಪಡಿಸಿದ.

ಬಾಣ ಗುರಿಗಿಂತ ಒಂದು ಗೇಣು ಪಕ್ಕಕ್ಕೆ ನಾಟಿತು.

"ಏನಾಯಿತು?"

"ಆತುರಪಟ್ಟು ಬಿಟ್ಟೆ," ಎಂದ ನಾಯಕ.

"ಇನ್ನೊಂದು ಹೂಡು."

ನಾಯಕ ಹೂಡಿದ. ಹೆದೆಯನ್ನು ಕಿವಿಯ ತನಕ ಎಳೆದು, ಕಣ್ಣ ಮುಂದಿನ ಬಯಲನ್ನೆಲ್ಲ ಒಮ್ಮೆ ನೋಡಿದ. ಯಾರೂ ಇರಲಿಲ್ಲ. ಆದರೂ ಒಂದು ಉಸಿರು ಕಾದ. ಆಮೇಲೆ ಬಿಟ್ಟ ಬಾಣ ಗುರಿಯ ನಡುವೆ ನಾಟಿ ಕಂಪಿಸುತ್ತ ನಿಂತಿತು. ಹುಡುಗರು ಕೇಕೆ ಹಾಕಿದರು. ನಾಯಕ ಮಾತ್ರ ಗುರಿಯ ಕಡೆ ನೋಡಲಿಲ್ಲ. ಬಿಲ್ಲನ್ನು ನೆಲಕ್ಕಿಟ್ಟು, ತನಗಿಂತ ಚಿಕ್ಕವನಾದ ತಮ್ಮನ ಊನವಾದ ಕಾಲನ್ನು ಎರಡೂ ಕೈಗಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ.