ಮಣ್ಣು ತುಳಿದ ಬಾಣಂತಿ

"ಅಯ್ಯನವರೇ, ಊಟ ಬಿಟ್ಟೆ, ನಿದ್ದೆ ಬಿಟ್ಟೆ, ಮೊಣಕಾಲೂರಿ ಬೇಡಿದೆ. ಆದರೂ ಕರ್ತನು ನನ್ನನ್ನು ಮೆಚ್ಚಿದ್ದಾನೆಂಬ ನೆಮ್ಮದಿಯಿಲ್ಲ. ಇನ್ನೇನು ಮಾಡಲಿ?" ಎಂದು ಎಲೀಷನೆಂಬ ಶಿಷ್ಯನು ಕ್ರೈಸ್ತ ಸಭೆಯ ಹಿರಿಯ ಬೋಧಕರನ್ನು ಕೇಳಿದ.

"ಮೊದಲು ಕೂತುಕೋ. ನಿನ್ನನ್ನು ನೋಡಿದರೆ ನನಗೇ ಆಯಾಸವಾಗುತ್ತದೆ," ಎಂದು ಬೋಧಕರು ಈ ಕತೆ ಹೇಳಿದರು.

ಒಬ್ಬ ಕುಂಬಾರಗಿತ್ತಿ ತಬ್ಬಲಿ ಕೂಸೊಂದನ್ನು ತಂದು ಸಾಕಿದಳು. ಕೂಸು ಬೆಳೆದು ಹುಡುಗಿಯಾಯಿತು. ನೀನು ಹೆತ್ತ ಮಗಳಲ್ಲವೆಂದು ಯಾರೋ ಅವಳ ಕಿವಿಗೆ ಹಾಕಿದರು. ಅಂದಿನಿಂದ ಅವಳಿಗೆ ಒಂದೇ ಭಯ: ಕೈ ಸುಮ್ಮನಿದ್ದರೆ ಈ ಮನೆ ತಪ್ಪಿಹೋದೀತು. ಎಲ್ಲರಿಗಿಂತ ಮೊದಲೇ ಎದ್ದು ಮಡಕೆಯ ಮಣ್ಣು ತುಳಿಯುವಳು. ತಾಯಿ ಭೇಷ್ ಎಂದ ದಿನ ಮಾತ್ರ ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿತ್ತು.

ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ತಾಯಿಯೇ ಹೋಗಿ ಅವಳನ್ನು ಕರೆತಂದಳು. ಹೆರಿಗೆ ಸುಸೂತ್ರವಾಯಿತು. ಬಾಣಂತಿಗೆ ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ, ಗಾಳಿಯಾಡದ ಕೋಣೆಯಲ್ಲಿ ಮಲಗಿಸಿದಳು. ಹೊಗೆಯೊಳಗೆ ತೊಲೆಗಳು ಮೆಲ್ಲಗೆ ತೇಲಿದಂತೆ ಕಂಡವು. ತನ್ನ ಮೈ ಎಲ್ಲಿದೆಯೆಂದೇ ಅವಳಿಗೆ ತಿಳಿಯಲಿಲ್ಲ, ಅಷ್ಟು ಹಗುರ. ಅಷ್ಟರಲ್ಲಿ ಹೊರಗೆ ಗಡಿಗೆ ಮಾಡುವ ತಿಗರಿಯ ಸದ್ದು ಕೇಳಿತು. ತಾನಿಲ್ಲದೆಯೂ ಅದು ತಿರುಗುತ್ತಿತ್ತು.

ಕೂಸನ್ನು ಪಕ್ಕಕ್ಕೆ ಮಲಗಿಸಿ, ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ, ನೆನೆಹಾಕಿದ ಮಣ್ಣಿಗೆ ಕಾಲಿಟ್ಟಳು. ನಾಲ್ಕು ಹೆಜ್ಜೆ ತುಳಿಯುವಷ್ಟರಲ್ಲಿ ನಡುಕ ಹತ್ತಿ ಕುಸಿದಳು.

ತಾಯಿ ತಿಗರಿ ಬಿಟ್ಟು ಓಡಿ ಬಂದು ಅವಳನ್ನು ಎತ್ತಿಕೊಂಡಳು. "ಹಸಿ ಬಾಣಂತಿ ಥಂಡಿ ಮಣ್ಣು ತುಳೀತಾರೇನೇ? ಜೀವದ ಮೇಲೆ ಆಸೆ ಇಲ್ವಾ ನಿನಗೆ?"

"ಬಿದ್ಕೊಂಡು ಉಂಡರೆ ನಿನಗೆ ಭಾರ ಆಗ್ತೀನಲ್ಲವ್ವಾ."

ತಾಯಿ ಅವಳನ್ನು ಒಳಗೆ ಹೊತ್ತು ತಂದಳು. "ಹುಚ್ಚಿ! ನಿನ್ನ ಎತ್ಕೊಂಡು ಬಂದಾಗ ನಿನಗೆ ಕತ್ತೇ ನಿಂತಿರಲಿಲ್ಲ. ಆಗ ಯಾವ ಮಣ್ಣು ತುಳಿದಿದ್ದೆ ನೀನು?"

ತಾಯಿ ಅವಳ ಕೆಸರುಗಾಲನ್ನು ಬಿಸಿನೀರಲ್ಲಿ ತೊಳೆದಳು, ಕೆಂಡದ ಅಗ್ಗಿಷ್ಟಿಕೆಯ ಹತ್ತಿರ ಹಿಡಿದು ಕಾಯಿಸಿದಳು. ಕೂಸನ್ನು ಅವಳ ಮಗ್ಗುಲಿಗೆ ಹಾಕಿ, ಇಬ್ಬರಿಗೂ ಒಂದೇ ಕಂಬಳಿ ಹೊದಿಸಿ, ಬೆನ್ನು ತಟ್ಟುತ್ತ ಕೂತಳು. ತಟ್ಟುವ ಕೈ ಎಲ್ಲೋ ದೂರದಿಂದ ಬರುವಂತೆ ಕಣ್ಣೆಳೆಯುತ್ತಿದ್ದ ಮಗಳಿಗೆ ಅನ್ನಿಸುತ್ತಿತ್ತು.

ಬೋಧಕರು ಇಲ್ಲಿಗೆ ನಿಲ್ಲಿಸಿದರು. ಎಲೀಷನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ತಾಯಿ ಅವಳನ್ನು ಮೆಚ್ಚಿದಳೇ, ಅಯ್ಯನವರೇ?"

"ಅದನ್ನು ಕೇಳಬೇಕಾದವಳು ಆಗಲೇ ನಿದ್ದೆ ಹೋಗಿದ್ದಳು."