ಸುತ್ತುವ ಭಾರ

"ಬುದ್ಧಿ, ಹಗುರಾಗಬೇಕು ಅಂತ ಒಂದೊಂದೇ ಬಿಡ್ತಾ ಬಂದೆ. ಆದರೂ ಭಾರ ಇಳಿದಿಲ್ಲ. ಇನ್ನೇನು ಬಿಡಲಿ?"

ಗುರುಗಳನ್ನು ಹೀಗೆ ಕೇಳಿದವನು ಮಠದ ಶಿಷ್ಯ ಶಿವಮಲ್ಲ. ಅವನು ಹಾಸಿಗೆ ಬಿಟ್ಟಿದ್ದ, ಸಿಹಿ ಬಿಟ್ಟಿದ್ದ, ಕೊನೆಗೆ ಉಪ್ಪನ್ನೂ ಬಿಟ್ಟಿದ್ದ. ಈ ಸಂಗತಿ ಮಠಕ್ಕೆ ಹಾಲು ಹಾಕುವವನಿಗೂ ಗೊತ್ತಿತ್ತು. ಇನ್ನು ಉಳಿದವಳು ಅಕ್ಕ ಒಬ್ಬಳೇ. ಪ್ರತಿ ಅಮಾವಾಸ್ಯೆಗೂ ಅವಳು ಕಜ್ಜಾಯ ಕಟ್ಟಿಕೊಂಡು ಮಠಕ್ಕೆ ಬರುತ್ತಿದ್ದಳು. ಕಜ್ಜಾಯವನ್ನು ಬೇರೆಯವರು ತಿನ್ನುತ್ತಿದ್ದರು, ಅಕ್ಕನನ್ನು ಕಂಡ ಸಂತೋಷ ಮಾತ್ರ ಶಿವಮಲ್ಲನದು. ಆ ಸಂತೋಷವೇ ಈಗ ಅವನಿಗೆ ಹೆದರಿಕೆ ಹುಟ್ಟಿಸಿತ್ತು.

"ನಾಳೆ ಅಮಾವಾಸ್ಯೆ. ಇನ್ನು ಮೇಲೆ ಬರಬೇಡ ಅಂತ ಅಕ್ಕನಿಗೆ ಹೇಳಿಬಿಡಲೇ?" ಎಂದ.

ಗುರುಗಳು ನೆನೆಸಿದ ಅವರೆಕಾಳು ಹಿಸುಕಿ ಸಿಪ್ಪೆ ತೆಗೆಯುತ್ತಿದ್ದರು. "ಅಕ್ಕನ ವಿಷಯ ಆಮೇಲೆ. ಮೊದಲು ಇಲ್ಲಿ ಕೂತು ಕಾಳು ಹಿಸುಕು. ಒಬ್ಬ ವರ್ತಕನ ಕತೆ ಹೇಳ್ತೀನಿ" ಎಂದರು. ಶಿವಮಲ್ಲ ಕೂತ.

ಒಂದೂರಿನಲ್ಲಿ ಒಬ್ಬ ವರ್ತಕ. ಅವನ ಹತ್ತಿರ ಅಪ್ಪನ ಕಾಲದ ಓಟದ ಕಾರು ಒಂದಿತ್ತು. ಎರಡೇ ಸೀಟು, ತಲೆಯ ಮೇಲೆ ಮುಚ್ಚಿಗೆಯಿಲ್ಲ. ಹಳೆಯದಾದರೇನು, ಸೊಗಸೆಂದರೆ ಸೊಗಸು! ಅಂಥ ಕಾರುಗಳಿದ್ದವರೆಲ್ಲ ವರ್ಷಕ್ಕೊಮ್ಮೆ ಸೇರಿ, ಊರ ಪಕ್ಕದ ಬೆಟ್ಟ ಹತ್ತುವ ಪಂದ್ಯ ಇಟ್ಟುಕೊಳ್ಳುತ್ತಿದ್ದರು. ವರ್ತಕ ಕಾರು ಓಡಿಸುವನು, ಹೆಂಡತಿ ಪಕ್ಕದಲ್ಲಿ ಕೂತು ಮುಂದಿನ ತಿರುವು ಯಾವ ಕಡೆಗೆ, ಗುಂಡಿ ಎಲ್ಲಿದೆ ಎಂದು ಕೂಗಿ ಹೇಳುವಳು. ಮದುವೆಯಾದಾಗಿನಿಂದ ಹೀಗೇ ನಡೆದಿತ್ತು. ಸೋಲುವುದೂ ಹೀಗೇ ನಡೆದಿತ್ತು. ಗೆಲ್ಲುವವನು ಬೇರೆ ಯಾರೂ ಅಲ್ಲ, ಅವಳ ಸ್ವಂತ ತಮ್ಮ. ಅವನು ಬೆಟ್ಟದ ಮೇಲೆ ಎಳನೀರು ಕುಡಿಯುತ್ತ ನಿಂತು, "ಏನು ಭಾವ, ದಾರಿಯಲ್ಲೇ ಊಟ ಮುಗಿಸಿಕೊಂಡು ಬಂದ್ರಾ?" ಎಂದು ಕೇಳುವನು. ವರ್ತಕನಿಗೆ ಮೈಯೆಲ್ಲ ಉರಿಯುವುದು.

ಒಂದು ವರ್ಷ ಆ ಉರಿಯಲ್ಲಿ ವರ್ತಕ ಬಾಯಿ ಬಿಟ್ಟ. ಬರುವ ವರ್ಷವೂ ಸೋತರೆ ಈ ಕಾರು ನಿನ್ನದೇ, ತೆಗೆದುಕೊಂಡು ಹೋಗು ಎಂದು ಭಾವಮೈದನಿಗೆ ಹೇಳಿಬಿಟ್ಟ. ಅಪ್ಪನ ಕಾರು! ಮನೆಗೆ ಬಂದ ಮೇಲೆ ಯಾಕಾದರೂ ಅಂದೆನೋ ಎನ್ನಿಸಿತು. ಅತ್ತ ಭಾವಮೈದ ಆಗಲೇ ತನ್ನ ಶೆಡ್ಡು ಗುಡಿಸಿ ಜಾಗ ಮಾಡಿಸಿದ್ದ.

ಕಾರನ್ನು ಹಗುರ ಮಾಡದೆ ಗತಿಯಿಲ್ಲ ಎಂದು ವರ್ತಕ ಸೊಂಟ ಕಟ್ಟಿದ. ಹಾರನ್ ಕಿತ್ತ. ಸ್ಟೆಪ್ನಿ ಇಳಿಸಿದ. ಸೀಟಿನ ಮೆತ್ತೆ ತೆಗೆದು ಹಲಗೆ ಹಾಕಿದ. ರಾತ್ರಿಯ ಊಟ ಬಿಟ್ಟು ತಾನೂ ಸಣ್ಣಗಾದ. ಬೆಟ್ಟ ಹತ್ತಿಸಿ ನೋಡಿದರೆ ಕಾರಿನದು ಅದೇ ಹಳೇ ಚಾಳಿ. ತಿರುವು ದಾಟಿ ಮತ್ತೆ ವೇಗ ಹಿಡಿಯಬೇಕಾದಾಗೆಲ್ಲ ಏದುಸಿರು. ಕೊನೆಗೆ ಅವನ ಕಣ್ಣು ಹೆಂಡತಿಯ ಮೇಲೆ ಬಿತ್ತು. "ಈ ಸಲ ನೀನು ಬಸ್ಸಿನಲ್ಲಿ ಬಾ" ಎಂದ.

ಶಿವಮಲ್ಲನಿಗೆ ನಗು ತಡೆಯಲಾಗಲಿಲ್ಲ. "ನಗಬೇಡ, ಕಾಳು ಹಿಸುಕು" ಎಂದು ಗುರುಗಳು ಮುಂದುವರಿಸಿದರು.

ಹೆಂಡತಿಗೆ ಸಿಟ್ಟೂ ಬಂತು, ಅಳುವೂ ಬಂತು. ಆದರೂ ಸುಮ್ಮನಾಗಲಿಲ್ಲ. "ನಾನು ಕೂತ ಭಾರ. ಹೊತ್ತರೆ ಮುಗೀತು. ಸುತ್ತುವ ಭಾರ ಹಾಗಲ್ಲ, ಅದನ್ನು ಹೊರಲೂ ಬೇಕು, ಸುತ್ತಿಸಲೂ ಬೇಕು. ಬೀಸುವ ಕಲ್ಲಿನ ಮುಂದೆ ಒಂದು ದಿನ ಕೂತಿದ್ದರೆ ನಿಮಗೇ ತಿಳೀತಿತ್ತು. ಎಲ್ಲ ಕಿತ್ತಿರಲ್ಲ, ಆ ಚಕ್ರಗಳನ್ನು ಯಾಕೆ ಮುಟ್ಟಲಿಲ್ಲ?" ಎಂದಳು.

ಆ ಚಕ್ರಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಕಬ್ಬಿಣದವು, ಭಾರವೋ ಭಾರ. ಆದರೆ ಕಾರು ಹೋದಲ್ಲೆಲ್ಲ ಜನ ನಿಂತು ಅವನ್ನೇ ನೋಡುತ್ತಿದ್ದರು. ದಿನಾ ಬೆಳಿಗ್ಗೆ ವರ್ತಕ ತಾನೇ ಬಟ್ಟೆ ಹಿಡಿದು ಅವನ್ನು ಒರೆಸುತ್ತಿದ್ದ. ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟವನಲ್ಲ.

ಇಬ್ಬರೂ ಚಕ್ರದ ಅಂಗಡಿಗೆ ಹೋದರು. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು ಥಳಥಳ ಹೊಳೆಯುವುದು, ಎತ್ತಲು ಹೋದರೆ ಸೊಂಟ ಹಿಡಿಯಬೇಕು. ಇನ್ನೊಂದು ಅಲ್ಯೂಮಿನಿಯಂನದು. ಬೂದಿ ಬಣ್ಣ, ಹೊಳಪಿಲ್ಲ. ಹೆಂಡತಿ ಅದನ್ನು ಮೊರ ಎತ್ತಿದ ಹಾಗೆ ಎತ್ತಿದಳು. ವರ್ತಕನ ಕೈ ಮಾತ್ರ ಹೊಳೆಯುವುದನ್ನೇ ಸವರುತ್ತಿತ್ತು.

"ಬೂದಿ ಬಣ್ಣದ್ದು ಹಾಕಿಕೊಂಡು ಹೋದರೆ ಯಾರು ತಿರುಗಿ ನೋಡ್ತಾರೆ?" ಎಂದ.

"ನೋಡೋರು ಬಂದು ಕಾರು ತಳ್ತಾರಾ?" ಎಂದಳು.

ಬೂದಿ ಬಣ್ಣದ ಚಕ್ರ ಕಾರಿಗೆ ಬಂತು. ಮೆತ್ತೆ ಸೀಟಿಗೆ ಬಂತು. ಹೆಂಡತಿ ತನ್ನ ಜಾಗಕ್ಕೆ ಬಂದಳು. ಪಂದ್ಯದ ದಿನ ದಾರಿಯ ಎರಡೂ ಕಡೆ ಜನವೋ ಜನ. ಒಬ್ಬರಾದರೂ ಅವನ ಚಕ್ರದ ಕಡೆ ಕಣ್ಣು ಹಾಯಿಸಲಿಲ್ಲ. ವರ್ತಕನಿಗೆ ಒಳಗೇ ಕಸಿವಿಸಿ. ಅದೂ ಮೊದಲ ತಿರುವಿನವರೆಗೆ ಮಾತ್ರ. ತಿರುವು ದಾಟಿದ್ದೇ ತಡ, ಕಾರು ಹಗ್ಗ ಬಿಚ್ಚಿದ ಕರುವಿನಂತೆ ಚಂಗನೆ ನೆಗೆಯಿತು. "ಬಲಕ್ಕೆ! ಬಲಕ್ಕೆ! ಗುಂಡಿ!" ಎಂದು ಹೆಂಡತಿ ಕೂಗುತ್ತಲೇ ಇದ್ದಳು. ಭಾವಮೈದ ಮೇಲೆ ಬರುವ ಹೊತ್ತಿಗೆ ಗಂಡ ಹೆಂಡತಿ ಎಳನೀರು ಕುಡಿದು ಮುಗಿಸಿದ್ದರು. ಈ ಸಲ ಅವಳೇ ಕೇಳಿದಳು: "ಏನಪ್ಪ ತಮ್ಮ, ದಾರಿಯಲ್ಲಿ ಊಟ ಆಯ್ತಾ?"

ಕತೆ ಮುಗಿಯಿತು. ಶಿವಮಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ನಾಳೆ ಬರಲು ಅಡ್ಡಿಯಿಲ್ಲ ಎಂದು ತಿಳಿದು ಅವನ ಜೀವ ನಿರಾಳವಾಗಿತ್ತು.

"ಸರಿ ಬುದ್ಧಿ, ಅಕ್ಕ ಬರಲಿ. ಅವಳು ಕೂತ ಭಾರ. ಹಾಸಿಗೆ, ಸಿಹಿ, ಉಪ್ಪು, ಅವೂ ಕೂತ ಭಾರವೇ ಇರಬೇಕು. ಹಾಗಾದರೆ ನನ್ನೊಳಗೆ ಸುತ್ತುತ್ತಿರುವ ಭಾರ ಯಾವುದು?" ಎಂದು ಕೇಳಿದ.

ಗುರುಗಳು ಅವರೆಕಾಳಿನಿಂದ ತಲೆ ಎತ್ತದೆಯೇ ಕೇಳಿದರು: "ನೀನು ಉಪ್ಪು ಬಿಟ್ಟಿದ್ದನ್ನು ಆ ಹಾಲಿನವನಿಗೆ ಹೇಳಿದ್ದು ಯಾರಪ್ಪ?"

"ನಾನೇ ಬುದ್ಧಿ" ಎಂದ ಶಿವಮಲ್ಲ, ಇನ್ನೊಂದು ಹಿಡಿ ಕಾಳು ಎಳೆದುಕೊಂಡು ಹಿಸುಕತೊಡಗಿದ.